ವಿಮಾನಶಿಲ್ಪಿ ಸ್ಯಾಂಟೋಸ್ ಡುಮಾಂಟ್

ಹಕ್ಕಿಯಂತೆ ಹಾರಬೇಕೆಂಬ ಆಸೆ ಮಾನವನಿಗೆ ಇಂದು ನಿನ್ನೆಯದಲ್ಲ. ನಮ್ಮ ಪೂರ್ವಿಕರು ಕಲ್ಪಿಸಿದ ಪುಷ್ಪಕ ವಿಮಾನದಲ್ಲಿ ಈ ಆಸೆಯೇ ಮೈದಾಳಿದೆ. ಆದರೆ ಪುಷ್ಪಕವು ಕುಬೇರನಂಥ ಧನಪತಿಗೂ ರಾವಣನಂಥ ಬಲಶಾಲಿಗೂ ಮಾತ್ರ ಒಲಿದ ವಾಹನ. ಸಾಮಾನ್ಯನ ಪಾಲಿಗೆ ಅದು ಬರಿಯ ಕನಸು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆ ಕನಸನ್ನು ಎಲ್ಲರಿಗೂ ಹಂಚಲು ಬಯಸಿದವನೊಬ್ಬನಿದ್ದನು. ಮನೆಯ ಕಾರ್ಯಾಗಾರದಲ್ಲಿಯೇ ಕಟ್ಟಿಕೊಳ್ಳಬಹುದಾದ ಪುಟ್ಟ ವಿಮಾನವೊಂದನ್ನು ರೂಪಿಸಿ, ಅದರ ನಕ್ಷೆಯನ್ನು ಯಾವ ಪ್ರತಿಫಲವನ್ನೂ ಬಯಸದೆ ಲೋಕಕ್ಕೆ ಒಪ್ಪಿಸಿದ ಆ ಉದಾರಿಯೇ ಬ್ರೆಜಿಲ್ ದೇಶದ ಆಲ್ಬರ್ಟೋ ಸ್ಯಾಂಟೋಸ್ ಡುಮಾಂಟ್.

ಡುಮಾಂಟನು 1873ರ ಜುಲೈ 20ರಂದು ಬ್ರೆಜಿಲಿನ ಮಿನಾಸ್ ಜೆರಾಯಿಸ್ ಪ್ರಾಂತದ ಪಾಲ್ಮಿರಾ ಎಂಬ ಊರಿನಲ್ಲಿ ಜನಿಸಿದನು. ತಂದೆ ಹೆನ್ರಿಕ್ ಡುಮಾಂಟನು ಎಂಜಿನಿಯರನೂ ಶ್ರೀಮಂತ ಕಾಫಿ ಬೆಳೆಗಾರನೂ ಆಗಿದ್ದನು. ವಿಶಾಲವಾದ ಅವನ ತೋಟದಲ್ಲಿ ಕಾಫಿಯನ್ನು ಸಾಗಿಸಲು ಸ್ವಂತ ರೈಲುಮಾರ್ಗವೇ ಇದ್ದಿತು. ಬಾಲಕ ಆಲ್ಬರ್ಟೋ ಇತರ ಮಕ್ಕಳಂತೆ ಆಟದ ಸಾಮಾನುಗಳಿಗೆ ಮನಸೋಲಲಿಲ್ಲ. ಹನ್ನೆರಡನೆಯ ವಯಸ್ಸಿಗೇ ರೈಲು ಎಂಜಿನ್ನುಗಳನ್ನು ನಡೆಸುವುದನ್ನು ಕಲಿತನು. ಕಾಫಿಯನ್ನು ಸಂಸ್ಕರಿಸುವ ಯಂತ್ರಗಳ ಮುಂದೆ ನಿಂತು ಅವುಗಳ ಚಲನೆಯನ್ನು ಗಮನಿಸುತ್ತಿದ್ದನು. ಅಲುಗಾಡುವ ಜರಡಿಗಳು ಬೇಗನೆ ಕೆಡುತ್ತವೆ, ಚಕ್ರದಂತೆ ತಿರುಗುವ ಯಂತ್ರಗಳು ಬಹುಕಾಲ ಬಾಳುತ್ತವೆ ಎಂಬುದನ್ನು ಅವನು ಯಾವ ಗುರುವಿನ ನೆರವೂ ಇಲ್ಲದೆ ತಿಳಿದುಕೊಂಡನು. ಬಿಡುವಿನ ವೇಳೆಯಲ್ಲಿ ಜೂಲ್ಸ್ ವರ್ನ್‌ನ ಅದ್ಭುತ ಕಥೆಗಳು ಅವನ ಸಂಗಾತಿಗಳಾಗಿದ್ದವು.

ಆ ಕಾಲದ ಮಕ್ಕಳು ಒಂದು ಆಟವನ್ನು ಆಡುತ್ತಿದ್ದರು. ಒಬ್ಬನು ಪ್ರಾಣಿಪಕ್ಷಿಗಳ ಹೆಸರುಗಳನ್ನು ಒಂದೊಂದಾಗಿ ಹೇಳುತ್ತ ಅದು ಹಾರುತ್ತದೆಯೇ ಎಂದು ಕೇಳುವನು. ಹಾರುವುದಾದರೆ ಉಳಿದವರು ಬೆರಳೆತ್ತಬೇಕು, ತಪ್ಪಿದವರು ದಂಡ ತೆರಬೇಕು. ಮನುಷ್ಯನ ಹೆಸರು ಬಂದಾಗಲೂ ಆಲ್ಬರ್ಟೋ ಬೆರಳೆತ್ತುತ್ತಿದ್ದನು. ಗೆಳೆಯರು ಎಷ್ಟು ನಕ್ಕರೂ ಅವನು ದಂಡ ತೆರಲು ಒಪ್ಪುತ್ತಿರಲಿಲ್ಲ.

ತಂದೆ ಅಪಘಾತದಲ್ಲಿ ಪೆಟ್ಟು ತಿಂದು ಪಾರ್ಶ್ವವಾಯುವಿಗೆ ತುತ್ತಾದಾಗ, ಚಿಕಿತ್ಸೆಗಾಗಿ ಕುಟುಂಬವು 1891ರಲ್ಲಿ ಪ್ಯಾರಿಸ್ ನಗರಕ್ಕೆ ತೆರಳಿತು. ಅಲ್ಲಿನ ವಸ್ತುಪ್ರದರ್ಶನವೊಂದರಲ್ಲಿ ಯುವಕನು ಪೆಟ್ರೋಲಿನಿಂದ ನಡೆಯುವ ಎಂಜಿನ್ನನ್ನು ಮೊದಲ ಬಾರಿಗೆ ಕಂಡನು. ಭಾರವಾದ ಉಗಿಯಂತ್ರವು ಸಾಧಿಸಲಾರದುದನ್ನು ಈ ಹಗುರವಾದ ಯಂತ್ರವು ಸಾಧಿಸಬಲ್ಲುದೆಂದು ಅವನಿಗೆ ಹೊಳೆಯಿತು. ಮರುವರ್ಷ ತಂದೆಯು ಮಗನ ಪಾಲಿನ ಆಸ್ತಿಯನ್ನು ಅವನ ವಶಕ್ಕೆ ಕೊಟ್ಟು, ಪ್ಯಾರಿಸ್ಸಿಗೆ ಹೋಗಿ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಯಂತ್ರಶಾಸ್ತ್ರಗಳನ್ನು ಕಲಿಯಲು ಆದೇಶಿಸಿದನು. ಸ್ವಲ್ಪ ಕಾಲದಲ್ಲಿಯೇ ಆ ದೂರದರ್ಶಿ ತಂದೆ ತೀರಿಕೊಂಡನು.

ಡುಮಾಂಟನು 1898ರಲ್ಲಿ ರೇಷ್ಮೆಬಟ್ಟೆಯ ಅತಿ ಚಿಕ್ಕ ಬಲೂನೊಂದನ್ನು ಮಾಡಿಸಿ, ಅದಕ್ಕೆ ತನ್ನ ತಾಯಿನಾಡಿನ ಹೆಸರನ್ನಿಟ್ಟನು. ಗಾಳಿ ಒಯ್ದ ಕಡೆಗೆ ಹೋಗುವ ಬಲೂನಿನಿಂದ ಅವನಿಗೆ ತೃಪ್ತಿಯಾಗಲಿಲ್ಲ. ಉದ್ದನೆಯ ಬಲೂನಿಗೆ ಜಲಜನಕವನ್ನು ತುಂಬಿ, ಕೆಳಗೆ ಪೆಟ್ರೋಲ್ ಎಂಜಿನ್ನನ್ನೂ ಚುಕ್ಕಾಣಿಯನ್ನೂ ಜೋಡಿಸಿ ವಾಯುನೌಕೆಯನ್ನು ನಿರ್ಮಿಸಿದನು. ಉರಿಯುವ ಅನಿಲದ ಕೆಳಗೆ ಕಿಡಿಕಾರುವ ಎಂಜಿನ್ನನ್ನಿಡುವುದು ಸಾವಿನೊಡನೆ ಸರಸವೆಂದು ಹಲವರು ಎಚ್ಚರಿಸಿದರು. ಮೊದಲ ಯತ್ನದಲ್ಲಿ ನೌಕೆಯು ಮರಗಳಿಗೆ ಸಿಕ್ಕಿ ಹರಿಯಿತು. ಎರಡೇ ದಿನಗಳಲ್ಲಿ ಅದನ್ನು ಸರಿಪಡಿಸಿ ಅವನು ಪ್ಯಾರಿಸ್ಸಿನ ಮೇಲೆ ಹಾರಿದನು.

ಸೇಂಟ್ ಕ್ಲೂ ಎಂಬಲ್ಲಿಂದ ಹೊರಟು, ಐಫೆಲ್ ಗೋಪುರವನ್ನು ಸುತ್ತಿ, ಮೂವತ್ತು ನಿಮಿಷಗಳೊಳಗೆ ಹಿಂದಿರುಗುವವರಿಗೆ ಒಂದು ಲಕ್ಷ ಫ್ರಾಂಕುಗಳ ಬಹುಮಾನವಿದ್ದಿತು. 1901ರ ಆಗಸ್ಟ್ 8ರಂದು ಈ ಯತ್ನದಲ್ಲಿ ಅವನ ಐದನೆಯ ನೌಕೆಯು ಹೋಟೆಲೊಂದರ ಛಾವಣಿಗೆ ಅಪ್ಪಳಿಸಿತು. ಗೋಡೆಯ ಪಕ್ಕದಲ್ಲಿ ನೇತಾಡುತ್ತಿದ್ದ ಅವನನ್ನು ಅಗ್ನಿಶಾಮಕ ದಳದವರು ಪಾರುಮಾಡಿದರು. ಅವನು ಧೃತಿಗೆಡದೆ ಆರನೆಯ ನೌಕೆಯ ಕೆಲಸವನ್ನು ಕೂಡಲೆ ಆರಂಭಿಸಿದನು. ಅದೇ ವರ್ಷ ಅಕ್ಟೋಬರ್ 19ರಂದು ಗೋಪುರವನ್ನು ಸುತ್ತಿ ಬಂದನು. ಕಾಲದ ಲೆಕ್ಕದ ಬಗೆಗೆ ಆಕ್ಷೇಪಗಳೆದ್ದರೂ ಕೊನೆಗೆ ಬಹುಮಾನ ಅವನಿಗೇ ಸಂದಿತು. ಅವನು ಆ ಹಣವನ್ನು ಇಟ್ಟುಕೊಳ್ಳಲಿಲ್ಲ. ಒಂದು ಭಾಗವನ್ನು ತನ್ನ ಸಹಾಯಕರಿಗೆ ಹಂಚಿದನು; ಉಳಿದುದನ್ನು ಪ್ಯಾರಿಸ್ಸಿನ ಬಡವರಿಗೆ ಕೊಟ್ಟನು. ಗಿರವಿ ಅಂಗಡಿಗಳಲ್ಲಿ ಸಿಕ್ಕಿಬಿದ್ದಿದ್ದ ಕೆಲಸಗಾರರ ಉಪಕರಣಗಳು ಇದರಿಂದ ಅವರ ಕೈಸೇರಿದವು. ಉಪಕರಣವಿಲ್ಲದ ಕೆಲಸಗಾರನ ಕಷ್ಟವನ್ನು ಅರಿಯಲು ಕಾರ್ಯಾಗಾರದಲ್ಲಿ ಬೆವರಿಳಿಸಿದವನಿಗೇ ಸಾಧ್ಯ.

ಅಮೆರಿಕದ ರೈಟ್ ಸಹೋದರರು 1903ರ ಡಿಸೆಂಬರ್ 17ರಂದೇ ಯಂತ್ರಚಾಲಿತ ವಿಮಾನದಲ್ಲಿ ಹಾರಿದ್ದರು. ಆದರೆ ಅದನ್ನು ನೋಡಿದವರು ಬೆರಳೆಣಿಕೆಯ ಜನ. ಯೂರೋಪಿನ ಬಹುಮಂದಿ ಆ ಸುದ್ದಿಯನ್ನು ನಂಬಿರಲಿಲ್ಲ. ಡುಮಾಂಟನು 1906ರ ಅಕ್ಟೋಬರ್ 23ರಂದು ಪ್ಯಾರಿಸ್ಸಿನ ಬಾಗಟೆಲ್ ಮೈದಾನದಲ್ಲಿ ಜನಸಮೂಹದ ಎದುರಿಗೆ ತನ್ನ ವಿಮಾನದಲ್ಲಿ ಸುಮಾರು 60 ಮೀಟರು ದೂರ ಹಾರಿದನು. ನವೆಂಬರ್ 12ರಂದು 220 ಮೀಟರುಗಳನ್ನು ಕ್ರಮಿಸಿದನು. ಬ್ರೆಜಿಲಿನ ಜನ ಇಂದಿಗೂ ಅವನನ್ನು ವಿಮಾನಯಾನದ ಪಿತಾಮಹನೆಂದು ಗೌರವಿಸುತ್ತಾರೆ.

ಆದರೆ ಅವನ ಕೈಚಳಕದ ನಿಜವಾದ ಕಿರೀಟವೆಂದರೆ 1907ರಲ್ಲಿ ಆರಂಭಿಸಿ 1909ರ ವೇಳೆಗೆ ಪರಿಷ್ಕರಿಸಿದ ಡೆಮ್ವಾಸೆಲ್ ಎಂಬ ಪುಟ್ಟ ವಿಮಾನ. ಫ್ರೆಂಚ್ ಭಾಷೆಯಲ್ಲಿ ಈ ಪದಕ್ಕೆ ಕುಮಾರಿ ಎಂದು ಅರ್ಥ. ನಮ್ಮ ಮಕ್ಕಳು ಏರೋಪ್ಲೇನ್ ಚಿಟ್ಟೆಯೆಂದು ಕರೆಯುವ ಕೀಟದ ಜಾತಿಗೂ ಅಲ್ಲಿ ಇದೇ ಹೆಸರು. ಹೆಸರಿಗೆ ತಕ್ಕಂತೆ ವಿಮಾನವೂ ಹಗುರವಾಗಿದ್ದಿತು. ಅದರ ಒಡಲು ಮೂರು ಬಿದಿರಿನ ಗಳಗಳಿಂದಾದುದು. ಒಳಗೆ ಟೊಳ್ಳಾಗಿ ಹಗುರವಾಗಿಯೂ ಗೆಣ್ಣುಗಳಿಂದ ಗಟ್ಟಿಯಾಗಿಯೂ ಇರುವ ಬಿದಿರಿಗಿಂತ ಉತ್ತಮವಾದ ವಸ್ತು ಅವನಿಗೆ ತೋರಲಿಲ್ಲ. ಎರಡು ರೆಕ್ಕೆಗಳಿಗೂ ರೇಷ್ಮೆಬಟ್ಟೆಯನ್ನು ಬಿಗಿದಿದ್ದಿತು. ತುದಿಯಿಂದ ತುದಿಗೆ ಅವುಗಳ ಅಗಲ ಐದು ಮೀಟರುಗಳಿಗಿಂತ ತುಸು ಹೆಚ್ಚು. ಎಂಜಿನ್ ರೆಕ್ಕೆಗಳ ನಡುವೆ, ಚಾಲಕನ ತಲೆಯ ಮೇಲ್ಗಡೆ ಇದ್ದಿತು. ಚಾಲಕನು ಚಕ್ರಗಳ ನಡುವೆ ಬಿಗಿದ ಬಟ್ಟೆಯ ಪಟ್ಟಿಯ ಮೇಲೆ, ನೆಲಕ್ಕೆ ತಾಗುವಷ್ಟು ತಗ್ಗಿನಲ್ಲಿ ಕುಳಿತುಕೊಳ್ಳಬೇಕಾಗಿದ್ದಿತು.

ಅದನ್ನು ನಡೆಸುವ ಕ್ರಮವೂ ಅಷ್ಟೇ ಸ್ವಾರಸ್ಯಕರವಾದುದು. ಬಾಲದಲ್ಲಿದ್ದ ಚುಕ್ಕಾಣಿಯು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಹೀಗೆ ಎಲ್ಲ ಕಡೆಗೂ ತಿರುಗಬಲ್ಲುದಾಗಿದ್ದಿತು. ರೆಕ್ಕೆಗಳ ತುದಿಯನ್ನು ಬಾಗಿಸುವ ತಂತಿಗಳು ಒಂದು ಸನ್ನೆಕೋಲಿಗೆ ಸೇರಿದ್ದವು. ಆ ಕೋಲು ಚಾಲಕನ ಕೋಟಿನ ಬೆನ್ನಿಗೆ ಹೊಲಿದ ಚೀಲದೊಳಗೆ ಕೂರುತ್ತಿದ್ದಿತು. ಗಾಳಿಯ ಹೊಡೆತಕ್ಕೆ ವಿಮಾನವು ಒಂದು ಕಡೆಗೆ ವಾಲಿದರೆ ಚಾಲಕನು ಇನ್ನೊಂದು ಕಡೆಗೆ ಮೈವಾಲಿಸಿದರೆ ಸಾಕು; ತಂತಿಗಳು ಬಿಗಿದು ರೆಕ್ಕೆಗಳು ಬಾಗಿ ವಿಮಾನವು ಸಮಸ್ಥಿತಿಗೆ ಬರುತ್ತಿದ್ದಿತು. ಸೈಕಲ್ ಸವಾರನು ಮೈಯಿಂದಲೇ ತೂಕವನ್ನು ಕಾಯ್ದುಕೊಳ್ಳುವಂತೆ ಇಲ್ಲಿ ಚಾಲಕನ ಶರೀರವೇ ಯಂತ್ರದ ಒಂದು ಅಂಗವಾಗಿದ್ದಿತು. 1909ರ ಸೆಪ್ಟೆಂಬರಿನಲ್ಲಿ ಡುಮಾಂಟನು ಈ ವಿಮಾನದಲ್ಲಿ ಸೇಂಟ್ ಸಿರ್ ಎಂಬಲ್ಲಿಂದ ಬ್ಯೂಕ್ ಎಂಬಲ್ಲಿಗೆ, ಸುಮಾರು ಎಂಟು ಕಿಲೋಮೀಟರು ದೂರವನ್ನು, ಐದೇ ನಿಮಿಷಗಳಲ್ಲಿ ಹಾರಿದನು.

ಇಂಥ ವಿಮಾನಕ್ಕೆ ಏಕಸ್ವಾಮ್ಯವನ್ನು ಪಡೆದು ಹಣ ಗಳಿಸುವುದು ಅವನಿಗೆ ಸುಲಭವಾಗಿದ್ದಿತು. ಆ ದಿನಗಳಲ್ಲಿ ವಿಮಾನದ ಹಕ್ಕುಗಳಿಗಾಗಿ ನ್ಯಾಯಾಲಯಗಳಲ್ಲಿ ವ್ಯಾಜ್ಯಗಳೇ ನಡೆಯತೊಡಗಿದ್ದವು. ಡುಮಾಂಟನು ಆ ದಾರಿಯನ್ನು ಹಿಡಿಯಲಿಲ್ಲ. ಯಾರು ಬೇಕಾದರೂ ಡೆಮ್ವಾಸೆಲನ್ನು ನಿರ್ಮಿಸಬಹುದೆಂದು ಸಾರಿದನು. ಅಮೆರಿಕದ ಪಾಪ್ಯುಲರ್ ಮೆಕ್ಯಾನಿಕ್ಸ್ ಪತ್ರಿಕೆ 1910ರಲ್ಲಿ ಅದರ ನಕ್ಷೆಗಳನ್ನು ಅಳತೆಗಳೊಡನೆ ಅಚ್ಚುಹಾಕಿತು. ಅತ್ತ ಫ್ರಾನ್ಸಿನ ಕಾರ್ಖಾನೆಯೊಂದು ಅದನ್ನು ತಯಾರಿಸಿ ಮಾರಿತು. ಮುಂದೆ ಪ್ರಖ್ಯಾತ ವೈಮಾನಿಕನಾದ ರೋಲಾಂ ಗಾರೋಸ್ ಹಾರಲು ಕಲಿತದ್ದು ಈ ವಿಮಾನದಲ್ಲಿಯೇ.

1910ರ ಜನವರಿಯಲ್ಲಿ ಹಾರುತ್ತಿದ್ದಾಗ ತಂತಿಯೊಂದು ಕಡಿದು ಡುಮಾಂಟನ ವಿಮಾನ ಕೆಳಕ್ಕೆ ಬಿದ್ದಿತು. ಅವನ ಜೀವ ಉಳಿಯಿತು. ಆದರೆ ಅನಾರೋಗ್ಯವು ಕಾಡತೊಡಗಿದ್ದುದರಿಂದ ಅವನು ಹಾರಾಟವನ್ನು ನಿಲ್ಲಿಸಿದನು. 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಯಿತು. ದೇಶದೇಶಗಳನ್ನು ಬೆಸೆಯಬೇಕಾಗಿದ್ದ ವಿಮಾನಗಳು ಊರುಗಳ ಮೇಲೆ ಬಾಂಬುಗಳನ್ನು ಸುರಿದವು. ಇದನ್ನು ಕಂಡು ಅವನ ಮನಸ್ಸು ಕುದಿಯಿತು. ವಿಮಾನವನ್ನು ಯುದ್ಧದಲ್ಲಿ ಬಳಸುವುದನ್ನು ನಿಷೇಧಿಸಬೇಕೆಂದು 1926ರಲ್ಲಿ ಅವನು ರಾಷ್ಟ್ರಸಂಘವನ್ನು ಬೇಡಿಕೊಂಡನು. ಆ ಮೊರೆಗೆ ಫಲ ದೊರೆಯಲಿಲ್ಲ.

1928ರ ಡಿಸೆಂಬರಿನಲ್ಲಿ ಅವನು ಹಡಗಿನಲ್ಲಿ ತಾಯಿನಾಡಿಗೆ ಹಿಂದಿರುಗಿದಾಗ ಮತ್ತೊಂದು ಆಘಾತ ಕಾದಿದ್ದಿತು. ಅವನನ್ನು ಸ್ವಾಗತಿಸಲು ಹಾರಿಬಂದ, ಅವನದೇ ಹೆಸರಿನ ವಿಮಾನವು ರಿಯೋ ಡಿ ಜನೈರೋ ಬಳಿಯ ಕೊಲ್ಲಿಯಲ್ಲಿ ಬಿದ್ದು ಅದರಲ್ಲಿದ್ದವರೆಲ್ಲರೂ ಮಡಿದರು. ತನಗಾಗಿ ಸಿದ್ಧವಾಗಿದ್ದ ಉತ್ಸವಗಳನ್ನು ಬಿಟ್ಟು ಅವನು ಮೃತರ ಅಂತ್ಯಕ್ರಿಯೆಗಳಲ್ಲಿ ಪಾಲ್ಗೊಂಡನು. 1932ರಲ್ಲಿ ಬ್ರೆಜಿಲಿನಲ್ಲಿಯೇ ಅಂತರ್ಯುದ್ಧ ಆರಂಭವಾಯಿತು. ದೀರ್ಘಕಾಲದ ಕಾಯಿಲೆಯೂ ಮನೋವ್ಯಥೆಯೂ ಅವನನ್ನು ಜರ್ಜರಗೊಳಿಸಿದ್ದವು. ಆ ವರ್ಷದ ಜುಲೈ 23ರಂದು, ಐವತ್ತೊಂಬತ್ತನೆಯ ವಯಸ್ಸಿನಲ್ಲಿ, ಅವನು ತನ್ನ ಬಾಳನ್ನು ತಾನೇ ಕೊನೆಗಾಣಿಸಿಕೊಂಡನು. ಲೋಕಕ್ಕೆ ಅಷ್ಟೊಂದು ಹರ್ಷವನ್ನು ಹಂಚಿದವನ ಕೊನೆಗಾಲದ ನೋವನ್ನು ಹಂಚಿಕೊಳ್ಳಲು ಯಾರಿಂದಲೂ ಆಗದೆಹೋದುದು ದುಃಖದ ಸಂಗತಿ.

ಡುಮಾಂಟನು ಹುಟ್ಟಿದ ಊರಿಗೂ ರಿಯೋ ನಗರದ ವಿಮಾನನಿಲ್ದಾಣವೊಂದಕ್ಕೂ ಇಂದು ಅವನ ಹೆಸರಿದೆ. ಅವನ ಮೂಲ ಡೆಮ್ವಾಸೆಲ್ ಒಂದು ಪ್ಯಾರಿಸ್ ಬಳಿಯ ವಿಮಾನ ವಸ್ತುಸಂಗ್ರಹಾಲಯದಲ್ಲಿದೆ. ಹಲವು ದೇಶಗಳ ಹವ್ಯಾಸಿಗಳು ಹಳೆಯ ನಕ್ಷೆಗಳನ್ನು ಅನುಸರಿಸಿ ಆ ವಿಮಾನವನ್ನು ಮತ್ತೆ ನಿರ್ಮಿಸಿದ್ದಾರೆ. 1965ರಲ್ಲಿ ತೆರೆಕಂಡ ಇಂಗ್ಲಿಷ್ ಚಲನಚಿತ್ರವೊಂದಕ್ಕಾಗಿ ಕಟ್ಟಿದ ಪ್ರತಿಕೃತಿಯು ಮೊದಲು ಸರಿಯಾಗಿ ಮೇಲೇಳಲೇ ಇಲ್ಲ. ಡುಮಾಂಟನು ಕೃಶಕಾಯನಾಗಿದ್ದನೆಂಬುದು ಆಗ ನಿರ್ಮಾಪಕರ ಗಮನಕ್ಕೆ ಬಂದಿತು. ಹಗುರ ಮೈಕಟ್ಟಿನ ಅನುಭವಿ ಚಾಲಕಿ ಜೋನ್ ಹ್ಯೂಸ್ ಕುಳಿತಾಗ ಅದು ಗಾಳಿಗೇರಿತು. ತನ್ನ ಮೈಯಳತೆಗೆ ಅಂಗಿಯನ್ನು ಹೊಲಿದುಕೊಳ್ಳುವಂತೆ ಅವನು ವಿಮಾನವನ್ನು ಕಟ್ಟಿಕೊಂಡಿದ್ದನು.

ವಿದ್ಯೆಯು ಕೊಟ್ಟಷ್ಟೂ ಬೆಳೆಯುವುದೆಂದು ನಮ್ಮ ಹಿರಿಯರು ತಿಳಿದಿದ್ದರು. ಡುಮಾಂಟನು ಬಾಳಿದ ಬಗೆಯೇ ಇದಕ್ಕೆ ಸಾಕ್ಷಿ. ವಿಮಾನವನ್ನು ಆಯುಧವನ್ನಾಗಿ ಮಾಡಿದವರು ಬೇರೆಯವರು. ಆದರೂ ಆ ಪಾಪದ ಹೊರೆಯನ್ನು ಅವನ ಕೋಮಲ ಹೃದಯ ಹೊತ್ತುಕೊಂಡಿತು. ಯಂತ್ರಕ್ಕೆ ಒಳಿತು ಕೆಡುಕುಗಳ ಅರಿವಿಲ್ಲ. ಅದನ್ನು ಹಿಡಿದ ಕೈಗೆ ಆ ಅರಿವು ಇರಬೇಕು. ಯಾವುದೋ ಊರಿನ ಪುಟ್ಟ ಕಾರ್ಯಾಗಾರದಲ್ಲಿ ಯಾರೋ ಒಬ್ಬರು ಬಿದಿರನ್ನೂ ಬಟ್ಟೆಯನ್ನೂ ಜೋಡಿಸಿ ಅವನ ವಿಮಾನವನ್ನು ಕಟ್ಟಲು ತೊಡಗಿದಾಗಲೆಲ್ಲ, ಅವನು ಲೋಕಕ್ಕೆ ಕೊಟ್ಟ ದಾನವು ಮತ್ತೊಮ್ಮೆ ಸಾರ್ಥಕವಾಗುತ್ತದೆ.