ಕಂಕನಾಡಿಯ ಫಾದರ್ ಮುಲ್ಲರ್

ನಮ್ಮ ಜಿಲ್ಲೆಯಲ್ಲಿ ಫಾದರ್ ಮುಲ್ಲರ್ ಎಂಬ ಹೆಸರು ಕೇಳದವರು ಕಡಿಮೆ. ಯಾರಿಗಾದರೂ ಕಾಯಿಲೆ ಜೋರಾಯಿತು ಅಂದರೆ ಮುಲ್ಲರ್ಸಿಗೆ ಕರೆದುಕೊಂಡು ಹೋಗುವ ಅಂತ ಹೇಳುವವರು ಊರಲ್ಲಿ ಒಬ್ಬರಾದರೂ ಇರುತ್ತಾರೆ. ಮಂಗಳೂರಿನ ಕಂಕನಾಡಿಯಲ್ಲಿ ಆ ದೊಡ್ಡ ಆಸ್ಪತ್ರೆ ಉಂಟು. ಆದರೆ ಮುಲ್ಲರ್ ಎಂಬುದು ಒಬ್ಬ ಮನುಷ್ಯನ ಹೆಸರು ಎಂಬುದು ತುಂಬಾ ಜನರಿಗೆ ನೆನಪಿರುವುದಿಲ್ಲ. ಅವರು ಮಂಗಳೂರಿಗೆ ಬಂದದ್ದು ಆಸ್ಪತ್ರೆ ಕಟ್ಟುವುದಕ್ಕೂ ಅಲ್ಲ, ಪಾಠ ಹೇಳುವುದಕ್ಕೆ. ಅಂಥವರು ಯಾರೂ ಹತ್ತಿರ ಸೇರಿಸದ ರೋಗಿಗಳಿಗೆ ಒಂದು ಮನೆ ಹೇಗೆ ಕಟ್ಟಿದರು, ಅದರಿಂದ ನಮಗೇನು ಉಂಟು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಜನನ ಮತ್ತು ಮಂಗಳೂರಿಗೆ ಆಗಮನ

ಅಗಸ್ಟಸ್ ಮುಲ್ಲರ್ ಅವರು 1841ನೇ ಇಸವಿ ಮಾರ್ಚ್ 13ರಂದು ಜರ್ಮನಿಯ ವೆಸ್ಟ್‌ಫಾಲಿಯಾ ಎಂಬ ಪ್ರಾಂತ್ಯದಲ್ಲಿ ಜನಿಸಿದರು. ದೊಡ್ಡವರಾದ ಮೇಲೆ ಯೇಸುಸಭೆ ಎಂಬ ಪಾದ್ರಿಗಳ ಸಂಘಕ್ಕೆ ಸೇರಿದರು. ಈ ಸಂಘದವರು ಲೋಕದ ನಾನಾ ಕಡೆ ಶಾಲೆ ಕಾಲೇಜುಗಳನ್ನು ನಡೆಸುವುದರಲ್ಲಿ ಹೆಸರು ಮಾಡಿದವರು.

1878ರ ಡಿಸೆಂಬರ್ ಕೊನೆಯ ದಿನ ಈ ಸಂಘದ ಮೊದಲ ತಂಡ ಮಂಗಳೂರಿಗೆ ಬಂದಿಳಿಯಿತು. ಮುಲ್ಲರ್ ಅದರಲ್ಲಿ ಒಬ್ಬರು. ಆಗ ಅವರಿಗೆ 37 ವರ್ಷ. ಆ ಕಾಲದಲ್ಲಿ ಮಂಗಳೂರು ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆಯ ಮುಖ್ಯ ಪಟ್ಟಣ. ರೈಲು ಬಂದದ್ದು 1907ರಲ್ಲಿ, ಅಂದರೆ ಅವರು ಬಂದು ಎಷ್ಟೋ ವರ್ಷದ ನಂತರ. ಅಲ್ಲಿಯವರೆಗೆ ದೂರದವರು ಹಡಗಿನಲ್ಲಿ ಬರಬೇಕು, ಇಲ್ಲವಾದರೆ ಘಟ್ಟ ಇಳಿದು ಬರಬೇಕು. 1880ರ ಜನವರಿಯಲ್ಲಿ ಸಂತ ಅಲೋಶಿಯಸ್ ಕಾಲೇಜು ಶುರುವಾಯಿತು. ಮುಲ್ಲರ್ ಅಲ್ಲಿ ಅಧ್ಯಾಪಕರಾದರು.

ಔಷಧಿಯ ಪೆಟ್ಟಿಗೆ

ಇಲ್ಲಿಗೆ ಬರುವ ಮೊದಲೇ ಅವರು ಹೋಮಿಯೋಪತಿ ಎಂಬ ಚಿಕಿತ್ಸಾ ಪದ್ಧತಿಯನ್ನು ಕಲಿತಿದ್ದರು. ಅದನ್ನು ಶುರು ಮಾಡಿದ ಹಾನೆಮನ್ ಕೂಡ ಜರ್ಮನಿಯವರೇ. ಮುಲ್ಲರ್ ಬರುವಾಗ ಜೊತೆಗೆ ಒಂದು ಸಣ್ಣ ಔಷಧಿ ಪೆಟ್ಟಿಗೆ ತಂದಿದ್ದರು. ಮೊದಮೊದಲು ಕಾಲೇಜಿನ ಹುಡುಗರಿಗೆ ಕೊಟ್ಟರು. ಆಮೇಲೆ ಊರಿನ ಬಡವರು ಬರತೊಡಗಿದರು. ಕೆಮ್ಮು, ಜ್ವರ, ಹೊಟ್ಟೆನೋವು ಅಂತ ಬಂದವರಿಗೆಲ್ಲ ಅವರು ದುಡ್ಡು ಕೇಳದೆ ಮದ್ದು ಕೊಡುತ್ತಿದ್ದರು. ಕಂಕನಾಡಿಯಲ್ಲಿ ಆಲದ ಮರದ ಅಡಿಯಲ್ಲಿ ಕೂತು ಮದ್ದು ಕೊಡುತ್ತಿದ್ದರು ಎಂದು ಈಗಲೂ ಹಿರಿಯರು ಹೇಳುತ್ತಾರೆ.

1880ರಲ್ಲಿ ಶುರುವಾದ ಈ ಕೆಲಸಕ್ಕೆ ಬಡವರ ಹೋಮಿಯೋಪತಿ ಔಷಧಾಲಯ ಎಂಬ ಹೆಸರು ಬಂತು. ಮದ್ದು ಬೇಕು ಅಂತ ಹೊರ ಊರುಗಳಿಂದಲೂ ಕಾಗದ ಬರತೊಡಗಿತು. ಅವರು ಅಂಚೆಯಲ್ಲಿ ಮದ್ದು ಕಳಿಸಿದರು. ಹಾಗೆ ಬಂದ ಹಣ ಇಲ್ಲಿಯ ಬಡವರ ಖರ್ಚಿಗೆ ಹೋಯಿತು. ಇಷ್ಟಾದ ಮೇಲೆ ಎಲ್ಲ ತರಹದ ರೋಗಿಗಳೂ ಬರುವುದು ಸಹಜ ಅಲ್ಲವೇ? ಅವರಲ್ಲಿ ಕುಷ್ಠರೋಗಿಗಳೂ ಇದ್ದರು.

ಆ ಕಾಲದ ಕುಷ್ಠರೋಗಿಗಳ ಪಾಡು

ಕುಷ್ಠಕ್ಕೆ ನಮ್ಮ ಕಡೆ ದೊಡ್ಡ ರೋಗ ಅಂತಲೂ ಹೇಳುತ್ತಿದ್ದರು. ಹೆಸರು ಹೇಳಲಿಕ್ಕೂ ಜನರಿಗೆ ಹೆದರಿಕೆ. ಪೂರ್ವಜನ್ಮದ ಪಾಪ, ದೇವರ ಶಾಪ, ರಕ್ತದ ದೋಷ ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ನಿಜ ಬೇರೆಯೇ ಇತ್ತು. 1873ರಲ್ಲಿ ನಾರ್ವೆ ದೇಶದ ಹ್ಯಾನ್ಸನ್ ಎಂಬ ವೈದ್ಯರು ಈ ರೋಗಕ್ಕೆ ಕಾರಣ ಒಂದು ರೋಗಾಣು ಎಂದು ಕಂಡುಹಿಡಿದಿದ್ದರು. ಹ್ಯಾನ್ಸನ್ ಮತ್ತು ಮುಲ್ಲರ್ ಹುಟ್ಟಿದ್ದು ಒಂದೇ ವರ್ಷ, 1841ರಲ್ಲಿ. ಆದರೆ ರೋಗಾಣು ಸಿಕ್ಕಿತೇ ಹೊರತು ಅದನ್ನು ಕೊಲ್ಲುವ ಮದ್ದು ಸಿಕ್ಕಿರಲಿಲ್ಲ.

ಈ ರೋಗಾಣು ನಮ್ಮ ನರಗಳಿಗೆ ಹೋಗಿ ಸೇರುತ್ತದೆ. ಆಗ ಚರ್ಮಕ್ಕೆ ಸ್ಪರ್ಶಜ್ಞಾನ ಹೋಗುತ್ತದೆ. ಬಿಸಿ ಪಾತ್ರೆ ಹಿಡಿದರೆ ಕೈ ಸುಟ್ಟದ್ದು ಗೊತ್ತಾಗುವುದಿಲ್ಲ. ಕಾಲಿಗೆ ಮುಳ್ಳು ಚುಚ್ಚಿದರೆ ನೋವಿಲ್ಲ, ಅದನ್ನು ತೆಗೆಯದೆ ಹಾಗೇ ನಡೆಯುತ್ತಾರೆ. ಗಾಯ ಹುಣ್ಣಾಗುತ್ತದೆ, ಹುಣ್ಣು ಎಲುಬಿನ ತನಕ ಹೋಗುತ್ತದೆ, ಬೆರಳು ಮೊಂಡಾಗುತ್ತದೆ. ಕೆಲವರಿಗೆ ಬೆರಳುಗಳು ಮಡಚಿಕೊಳ್ಳುತ್ತವೆ, ಕೆಲವರಿಗೆ ಕಣ್ಣಿನ ರೆಪ್ಪೆ ಮುಚ್ಚುವುದಿಲ್ಲ. ಕುಷ್ಠದಲ್ಲಿ ಬೆರಳು ತನ್ನಿಂದ ತಾನೇ ಕೊಳೆತು ಬೀಳುತ್ತದೆ ಎಂಬುದು ತಪ್ಪು ತಿಳುವಳಿಕೆ. ನೋವು ಗೊತ್ತಾಗದೆ ಇರುವುದೇ ಅವರ ದೊಡ್ಡ ಕಷ್ಟ. ನೋವನ್ನು ನಾವು ಶತ್ರು ಅಂತ ತಿಳಿಯುತ್ತೇವೆ, ಆದರೆ ಅದು ನಮ್ಮನ್ನು ಕಾಯುವ ಕಾವಲುಗಾರ.

ಕೈ ಹೀಗಾದರೆ ಕತ್ತಿ ಹಿಡಿಯಲು ಆಗುವುದಿಲ್ಲ, ಗದ್ದೆಗೆ ಇಳಿಯಲು ಆಗುವುದಿಲ್ಲ, ಬೀಡಿ ಕಟ್ಟಲು ಆಗುವುದಿಲ್ಲ. ಕೆಲಸ ಇಲ್ಲದೆ ಊಟ ಇಲ್ಲ. ಮನೆಯವರು ಹೊರಗೆ ಹಾಕುತ್ತಿದ್ದರು. ಉಳಿದ ದಾರಿ ಒಂದೇ, ಭಿಕ್ಷೆ. ಅದಕ್ಕೂ 1898ರಲ್ಲಿ ಬ್ರಿಟಿಷ್ ಸರಕಾರ ಕುಷ್ಠರೋಗಿಗಳ ಕಾಯಿದೆ ಎಂಬ ಒಂದು ಕಾನೂನು ತಂದಿತು. ಭಿಕ್ಷೆ ಬೇಡುವ ರೋಗಿಯನ್ನು ಪೊಲೀಸರು ಹಿಡಿದು ಆಶ್ರಮಕ್ಕೆ ಹಾಕಬಹುದು, ರೋಗಿಗಳು ಸಾರ್ವಜನಿಕ ಬಾವಿಯ ನೀರು ಸೇದದಂತೆ, ಸಾರ್ವಜನಿಕ ಗಾಡಿ ಹತ್ತದಂತೆ ಸರಕಾರ ತಡೆಯಬಹುದು ಅಂತ ಅದರಲ್ಲಿ ಇತ್ತು. ರೋಗಕ್ಕಿಂತ ರೋಗಿಯನ್ನೇ ದೂರ ಇಡುವ ಕಾನೂನು ಅದು.

1890ರ ಮನೆ

ಆ ಕಾನೂನು ಬರುವುದಕ್ಕೆ ಎಂಟು ವರ್ಷ ಮೊದಲೇ, 1890ರಲ್ಲಿ, ಮುಲ್ಲರ್ ಅವರು ಕಂಕನಾಡಿಯಲ್ಲಿ ಸಂತ ಜೋಸೆಫರ ಹೆಸರಿನ ಕುಷ್ಠರೋಗ ಆಸ್ಪತ್ರೆಯನ್ನು ಆರಂಭಿಸಿದರು. ಅದಕ್ಕೆ ಒಂದು ವರ್ಷ ಮುಂಚೆ, 1889ರಲ್ಲಿ, ಹವಾಯಿ ದ್ವೀಪದಲ್ಲಿ ಕುಷ್ಠರೋಗಿಗಳ ಜೊತೆ ಬದುಕಿದ ಫಾದರ್ ಡೇಮಿಯನ್ ಅದೇ ರೋಗದಿಂದ ತೀರಿಹೋಗಿದ್ದರು. ಆ ಸುದ್ದಿ ಲೋಕವೆಲ್ಲ ಹರಡಿತ್ತು. ರೋಗಿಯ ಹತ್ತಿರ ಹೋದರೆ ಏನಾಗಬಹುದು ಎಂದು ಎಲ್ಲರಿಗೂ ಭಯ ಇದ್ದ ಕಾಲದಲ್ಲೇ ಕಂಕನಾಡಿಯ ಈ ಬಾಗಿಲು ತೆರೆಯಿತು ಎಂಬುದನ್ನು ನೆನಪಿಡಬೇಕು.

ಇಲ್ಲಿ ಒಂದು ವಿಷಯ ಸರಿಯಾಗಿ ತಿಳಿಯಬೇಕು. ಮುಲ್ಲರ್ ಅವರ ಮದ್ದಿನಿಂದ ಕುಷ್ಠ ವಾಸಿಯಾಯಿತು ಅಂತ ಹೇಳಲಿಕ್ಕೆ ಬರುವುದಿಲ್ಲ. ಹೋಮಿಯೋಪತಿಯ ಗುಳಿಗೆ ಈ ರೋಗಾಣುವನ್ನು ಕೊಲ್ಲುತ್ತದೆ ಎಂಬುದಕ್ಕೆ ಇವತ್ತಿನ ವಿಜ್ಞಾನದಲ್ಲಿ ಪುರಾವೆ ಇಲ್ಲ. ಆ ಕಾಲದಲ್ಲಿ ಲೋಕದ ಯಾವ ಡಾಕ್ಟರಿಗೂ ಅದನ್ನು ವಾಸಿ ಮಾಡಲು ಗೊತ್ತಿರಲಿಲ್ಲ. ಹಾಗಾದರೆ ಅವರು ಕೊಟ್ಟದ್ದೇನು? ಮಳೆಗಾಲದಲ್ಲಿ ನೆನೆಯದ ಹಾಗೆ ಒಂದು ಸೂರು, ಹೊತ್ತಿಗೆ ಅನ್ನ, ಹುಣ್ಣಿಗೆ ಆರೈಕೆ, ನೋಡಲಿಕ್ಕೆ ಜನ. ಕೇಳಲು ಸಣ್ಣದು ಅನಿಸಬಹುದು. ಬೀದಿಯಲ್ಲಿ ಇದ್ದವರಿಗೆ ಅದು ಸಣ್ಣದಲ್ಲ.

ಕೊನೆಯ ವರ್ಷಗಳು

1896ರಲ್ಲಿ ಮುಂಬಯಿಗೆ ಬಂದ ಪ್ಲೇಗ್ ಮಾರಿ ಊರಿಂದ ಊರಿಗೆ ಹರಡಿತು. ಮಂಗಳೂರಿಗೂ ಬಂತು. 1902ರಲ್ಲಿ ಮುಲ್ಲರ್ ಅವರು ಪ್ಲೇಗಿನ ರೋಗಿಗಳಿಗಾಗಿ ಬೇರೆ ಆಸ್ಪತ್ರೆ ಮಾಡಿದರು. ಅವರ ಸೇವೆಗಾಗಿ 1907ರಲ್ಲಿ ಸರಕಾರ ಕೈಸರ್-ಇ-ಹಿಂದ್ ಪದಕ ಕೊಟ್ಟಿತು. 1910ರ ನವೆಂಬರ್ 1ರಂದು, ತಮ್ಮ 69ನೇ ವಯಸ್ಸಿನಲ್ಲಿ, ಅವರು ಮಂಗಳೂರಿನಲ್ಲಿಯೇ ತೀರಿಕೊಂಡರು. ಸುಮಾರು 32 ವರ್ಷ ಈ ಊರಿನಲ್ಲಿ ಕಳೆದರು. ಅವರು ಬಿಟ್ಟುಹೋದ ಔಷಧಾಲಯ ಬೆಳೆಯುತ್ತ ಬೆಳೆಯುತ್ತ ದೊಡ್ಡ ಆಸ್ಪತ್ರೆಯಾಯಿತು. 1985ರಲ್ಲಿ ಹೋಮಿಯೋಪತಿ ಕಾಲೇಜು ಬಂತು, ಆಮೇಲೆ ಮೆಡಿಕಲ್ ಕಾಲೇಜೂ ಬಂತು.

ಅವರ ನಂತರ ಏನಾಯಿತು

ಮುಲ್ಲರ್ ಕಾಣದ ಮದ್ದು ಅವರು ಹೋದ ಮೇಲೆ ಬಂತು. 1940ರ ದಶಕದಲ್ಲಿ ಡ್ಯಾಪ್ಸೋನ್ ಎಂಬ ಮಾತ್ರೆ ಬಳಕೆಗೆ ಬಂತು. ಒಂದೇ ಮಾತ್ರೆಗೆ ರೋಗಾಣು ಕ್ರಮೇಣ ಬಗ್ಗದೆ ಹೋದಾಗ, 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯವರು ಎರಡು ಮೂರು ಔಷಧಿಗಳನ್ನು ಒಟ್ಟಿಗೆ ಕೊಡುವ ಕ್ರಮವನ್ನು ಹೇಳಿಕೊಟ್ಟರು. ನಮ್ಮ ದೇಶದಲ್ಲಿ ಅದು 1983ರಿಂದ ಶುರುವಾಯಿತು. ಈಗ 6 ತಿಂಗಳು, ರೋಗ ಹೆಚ್ಚಿದ್ದರೆ 12 ತಿಂಗಳು ಮಾತ್ರೆ ತಿಂದರೆ ಕುಷ್ಠ ಪೂರ್ತಿ ವಾಸಿ. ಸರಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ಒಂದು ಪೈಸೆ ಕೊಡಬೇಕಾಗಿಲ್ಲ. ಮದ್ದು ಶುರು ಮಾಡಿದ ಕೆಲವೇ ದಿನಗಳಲ್ಲಿ ರೋಗಿಯಿಂದ ಬೇರೆಯವರಿಗೆ ಹರಡುವುದು ನಿಲ್ಲುತ್ತದೆ. ಕೈ ಕುಲುಕಿದರೆ, ಜೊತೆಯಲ್ಲಿ ಊಟ ಮಾಡಿದರೆ ಇದು ಬರುವುದಿಲ್ಲ. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನರಿಗೆ ಇದನ್ನು ತಡೆಯುವ ಶಕ್ತಿ ಹುಟ್ಟಿನಿಂದಲೇ ಉಂಟು.

ಆದರೆ ಮದ್ದು ರೋಗಾಣುವನ್ನು ಕೊಲ್ಲುತ್ತದೆ, ಸತ್ತ ನರವನ್ನು ಬದುಕಿಸುವುದಿಲ್ಲ. ತಡವಾಗಿ ಬಂದವರಿಗೆ ರೋಗ ಹೋದರೂ ಅಂಗವಿಕಲತೆ ಉಳಿಯುತ್ತದೆ. ಅಂಥವರು ತಮ್ಮ ಕೆಲಸ ತಾವೇ ಮಾಡಿಕೊಂಡು ಬದುಕಲು ಈಗ ದಾರಿ ಉಂಟು. ವೆಲ್ಲೂರಿನಲ್ಲಿ ಡಾ. ಪಾಲ್ ಬ್ರ್ಯಾಂಡ್ ಎಂಬವರು 1940ರ ದಶಕದ ಕೊನೆಯಿಂದ ಮಡಚಿದ ಬೆರಳುಗಳಿಗೆ ಶಸ್ತ್ರಚಿಕಿತ್ಸೆ ಮಾಡಿ, ಕೈಗಳು ಮತ್ತೆ ಹಿಡಿಯುವ ಹಾಗೆ ಮಾಡಿದರು. ಸ್ಪರ್ಶ ಇಲ್ಲದ ಪಾದಕ್ಕೆ ಮೆತ್ತನೆ ರಬ್ಬರಿನ ಚಪ್ಪಲಿ ಬಂತು, ಅದನ್ನು ಸರಕಾರ ಉಚಿತವಾಗಿ ಕೊಡುತ್ತದೆ. ಬಿಸಿ ಲೋಟಕ್ಕೆ ಬಟ್ಟೆ ಸುತ್ತುವುದು, ಕತ್ತಿಯ ಹಿಡಿಗೆ ದಪ್ಪ ಬಟ್ಟೆ ಕಟ್ಟುವುದು, ದಿನಾಲೂ ಪಾದವನ್ನು ನೀರಲ್ಲಿ ನೆನೆಸಿ ಎಣ್ಣೆ ಹಚ್ಚುವುದು, ರಾತ್ರಿ ಮಲಗುವ ಮೊದಲು ಅಂಗಾಲು ನೋಡಿಕೊಳ್ಳುವುದು, ಇವೆಲ್ಲ ಮನೆಯಲ್ಲೇ ಮಾಡುವ ಸಂಗತಿಗಳು. ನೋವು ಮಾಡಬೇಕಾದ ಕಾವಲು ಕೆಲಸವನ್ನು ಇಲ್ಲಿ ಕಣ್ಣು ಮಾಡುತ್ತದೆ.

ಕಾನೂನೂ ಬದಲಾಯಿತು. 1898ರ ಆ ಹಳೆ ಕಾಯಿದೆಯನ್ನು 2016ರಲ್ಲಿ ರದ್ದು ಮಾಡಿದರು. ಅದೇ ವರ್ಷ ಬಂದ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಒಟ್ಟು 21 ಬಗೆಯ ಅಂಗವಿಕಲತೆಗಳು ಉಂಟು. ಕುಷ್ಠ ವಾಸಿಯಾದವರೂ ಅದರಲ್ಲಿ ಸೇರಿದ್ದಾರೆ. ಸರಕಾರಿ ಕೆಲಸದ ಮೀಸಲಾತಿಯಲ್ಲಿ ಅವರಿಗೂ ಪಾಲು ಉಂಟು. ಅಂಗವಿಕಲರಿಗೆ ಎಲ್ಲರ ಹಾಗೆ ಸಮಾಜದ ನಡುವೆ ಬದುಕುವ ಹಕ್ಕು ಉಂಟು, ಇಂಥ ಕಡೆಯೇ ಇರಬೇಕು ಅಂತ ಯಾರೂ ಅವರನ್ನು ಒತ್ತಾಯಿಸುವಂತಿಲ್ಲ ಎಂದೂ ಅದು ಹೇಳುತ್ತದೆ. ಕುಷ್ಠ ಇದೆ ಎಂಬ ಕಾರಣಕ್ಕೆ ವಿಚ್ಛೇದನ ಕೊಡಬಹುದು ಅಂತ ವಿವಾಹದ ಕಾಯಿದೆಗಳಲ್ಲಿ ಇದ್ದ ಮಾತನ್ನು 2019ರಲ್ಲಿ ತೆಗೆದುಹಾಕಿದರು.

ನಾವು ಮಾಡಬೇಕಾದ್ದು

ಮುಲ್ಲರ್ ಅವರು ರೋಗಿಗಳಿಗೆ ಊರಿನ ಹೊರಗೆ ಬೇರೆ ಮನೆ ಮಾಡಬೇಕಾಗಿ ಬಂದದ್ದು ಏಕೆ? ಅವರವರ ಮನೆಯ ಬಾಗಿಲು ಮುಚ್ಚಿದ್ದರಿಂದ. ಅವರ ಕೈಯಲ್ಲಿ ಮದ್ದು ಇರಲಿಲ್ಲ, ಬಾಗಿಲು ಮಾತ್ರ ತೆರೆದಿತ್ತು. ಇವತ್ತು ಮದ್ದು ಉಂಟು, ಕಾನೂನು ಉಂಟು. ಬಾಗಿಲು ತೆರೆಯುವ ಕೆಲಸ ಮಾತ್ರ ನಮ್ಮದೇ. ಅದನ್ನು ಕಾನೂನು ಬಂದು ಮಾಡಿಕೊಡುವುದಿಲ್ಲ.

ಈ ರೋಗ ಹೋಗಿಯೇ ಬಿಟ್ಟಿದೆ ಅಂತ ತಿಳಿಯಬೇಡಿ. 2005ರ ಕೊನೆಗೆ ನಮ್ಮ ದೇಶದಲ್ಲಿ ರೋಗಿಗಳ ಸಂಖ್ಯೆ ಹತ್ತು ಸಾವಿರಕ್ಕೆ ಒಬ್ಬರಿಗಿಂತ ಕಡಿಮೆ ಆಯಿತು ನಿಜ. ಆದರೂ ಲೋಕದಲ್ಲಿ ಪ್ರತಿವರ್ಷ ಕಂಡುಬರುವ ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ನಮ್ಮ ದೇಶದವರೇ. ಅವರಲ್ಲಿ ಮಕ್ಕಳೂ ಇದ್ದಾರೆ. ನಾಚಿಕೆಯಿಂದ ಅಡಗಿಸಿ ಇಡುವುದರಿಂದಲೇ ತಡವಾಗುತ್ತದೆ, ತಡವಾದರೆ ಕೈಕಾಲಿಗೆ ಊನ ಬರುತ್ತದೆ.

ಆದ್ದರಿಂದ ಗೆಳೆಯರೇ, ಮೈಮೇಲೆ ಬಿಳುಚಿದ ಅಥವಾ ಕೆಂಪಾದ ಮಚ್ಚೆ ಇದ್ದು ಅಲ್ಲಿ ಮುಟ್ಟಿದರೆ ಗೊತ್ತಾಗದಿದ್ದರೆ ಮನೆಯಲ್ಲಿ ಹೇಳಿ, ಟೀಚರಿಗೆ ಹೇಳಿ, ಇಲ್ಲವೇ ಆಶಾ ಕಾರ್ಯಕರ್ತೆಗೆ ತೋರಿಸಿ. ತೊನ್ನು ಬೇರೆ, ಕುಷ್ಠ ಬೇರೆ. ತೊನ್ನಿನ ಬಿಳಿ ಮಚ್ಚೆಯಲ್ಲಿ ಸ್ಪರ್ಶ ಸರಿಯಾಗಿ ಗೊತ್ತಾಗುತ್ತದೆ, ಅದು ಯಾರಿಗೂ ಅಂಟುವುದೂ ಇಲ್ಲ. ಪ್ರತಿವರ್ಷ ಜನವರಿ 30ರಂದು, ಗಾಂಧೀಜಿ ತೀರಿಹೋದ ದಿನ, ಕುಷ್ಠರೋಗ ವಿರೋಧಿ ದಿನ ಮಾಡುತ್ತಾರೆ. ಅವತ್ತು ಭಾಷಣ ಕೇಳಿ ಚಪ್ಪಾಳೆ ಹೊಡೆದರೆ ಸಾಲದು. ರೋಗ ವಾಸಿಯಾಗಿ ಊರಿಗೆ ಬಂದವರು ಅಂಗಡಿಗೆ ಬಂದರೆ ಅವರ ಕೈಯಿಂದಲೇ ದುಡ್ಡು ತೆಗೆದುಕೊಳ್ಳಬೇಕು, ಬಸ್ಸಿನಲ್ಲಿ ಪಕ್ಕದಲ್ಲಿ ಕೂತುಕೊಳ್ಳಬೇಕು, ಅವರಿಂದ ಆಗುವ ಕೆಲಸವನ್ನು ಅವರಿಗೆ ಕೊಟ್ಟು ಸರಿಯಾದ ಕೂಲಿ ಕೊಡಬೇಕು. ಅವರ ಮಕ್ಕಳು ನಮ್ಮ ಬೆಂಚಿನಲ್ಲಿ ಕೂರಬೇಕು. ಇದಕ್ಕೆ ಖರ್ಚು ಏನೂ ಇಲ್ಲ.