ಸಮಿತಿಯ ಕೆಲಸಕ್ಕೆ ಬೆಲೆ ತಂದ ಡಾ. ಅಂಬೇಡ್ಕರ್

ಮಂತ್ರಿ ಪದವಿ ತಪ್ಪಿದವರಿಗೆ ಸಮಾಧಾನಕ್ಕೆ ಕೊಡುವ ಸ್ಥಾನವೆಂದೇ ಸದನ ಸಮಿತಿಗಳನ್ನು ಕಾಣುವ ಶಾಸಕರು ಬಹಳ. ಸದನದ ಭಾಷಣ ಪತ್ರಿಕೆಯಲ್ಲಿ ಬರುತ್ತದೆ, ಸಮಿತಿಯ ದುಡಿಮೆ ಕಡತದಲ್ಲಿ ಉಳಿಯುತ್ತದೆ. ಆದರೆ ಡಾ. ಬಾಬಾಸಾಹೇಬ ಅಂಬೇಡ್ಕರ್ ಅವರ ದೊಡ್ಡ ಕೆಲಸಗಳಲ್ಲಿ ಹಲವು ನಡೆದದ್ದು ಸಮಿತಿಗಳಲ್ಲೇ.

1891ರ ಎಪ್ರಿಲ್ 14ರಂದು ಮಹೂನಲ್ಲಿ ಜನಿಸಿ, ನ್ಯೂಯಾರ್ಕ್ ಹಾಗೂ ಲಂಡನ್‌ನಲ್ಲಿ ಉನ್ನತ ವ್ಯಾಸಂಗ ಮುಗಿಸಿದ ಅವರು 1927ರಲ್ಲಿ ನಾಮಕರಣಗೊಂಡ ಸದಸ್ಯರಾಗಿ ಮುಂಬಯಿ ವಿಧಾನ ಪರಿಷತ್ತನ್ನು ಪ್ರವೇಶಿಸಿದರು. ಮರುವರ್ಷ, ಸೈಮನ್ ಆಯೋಗದೊಂದಿಗೆ ಸಹಕರಿಸಲು ಪರಿಷತ್ತು ರಚಿಸಿದ ಸಮಿತಿಗೆ ಆಯ್ಕೆಯಾದರು. ಕಾಂಗ್ರೆಸ್ ಬಹಿಷ್ಕರಿಸಿದ್ದ ಆಯೋಗವಾದುದರಿಂದ ಟೀಕೆ ಎದುರಿಸಬೇಕಾಯಿತು. ಸಮಿತಿಯೊಳಗೂ ಅವರು ಬಹುಮತಕ್ಕೆ ಮಣಿಯದೆ, 1929ರ ಮೇ ತಿಂಗಳಲ್ಲಿ ಪ್ರತ್ಯೇಕ ವರದಿ ಸಲ್ಲಿಸಿ ವಯಸ್ಕರೆಲ್ಲರಿಗೂ ಮತದಾನದ ಹಕ್ಕು ಕೇಳಿದರು. ಬೆಳಗಾವಿ, ಧಾರವಾಡ ಮೊದಲಾದ ಕನ್ನಡ ಜಿಲ್ಲೆಗಳನ್ನು ಮುಂಬಯಿ ಪ್ರಾಂತದಿಂದ ಬೇರ್ಪಡಿಸುವುದನ್ನು ಅದೇ ವರದಿಯಲ್ಲಿ ವಿರೋಧಿಸಿದರು. ಏಕೀಕರಣ ಬಯಸಿದ್ದ ಕನ್ನಡಿಗರಿಗೆ ಅದು ಹಿಡಿಸುವ ನಿಲುವಾಗಿರಲಿಲ್ಲ.

ಅದೇ ವರ್ಷ ಅಸ್ಪೃಶ್ಯರ ಕುಂದುಕೊರತೆ ವಿಚಾರಿಸಲು ಸರಕಾರ ನೇಮಿಸಿದ ಸಮಿತಿಯ ಸದಸ್ಯರಾಗಿ ಖಾನದೇಶದ ಪ್ರವಾಸ ಕೈಗೊಂಡರು. ಚಾಳೀಸ್‌ಗಾಂವ್‌ನಲ್ಲಿ ಅವರನ್ನು ಕೂರಿಸಿಕೊಂಡು ಹೋಗಲು ಟಾಂಗಾದವರು ಒಪ್ಪಲಿಲ್ಲ. ಊರ ದಲಿತ ಬಂಧುಗಳು ಗಾಡಿಯನ್ನಷ್ಟೇ ಬಾಡಿಗೆಗೆ ಪಡೆದು, ಓಡಿಸಿ ಅಭ್ಯಾಸವಿಲ್ಲದ ತಮ್ಮವನೊಬ್ಬನನ್ನು ಕೂರಿಸಿದರು. ನದಿಯ ಸೇತುವೆಯಲ್ಲಿ ಗಾಡಿ ಉರುಳಿತು, ಅಂಬೇಡ್ಕರ್ ಕಲ್ಲುಹಾಸಿನ ಮೇಲೆ ಬಿದ್ದು ಕಾಲು ಮುರಿದುಕೊಂಡರು. ಯಾವ ಕುಂದುಕೊರತೆ ತಿಳಿಯಲು ಹೊರಟಿದ್ದರೋ ಅದನ್ನು ಸ್ವತಃ ಅನುಭವಿಸಿದ್ದರು.

1947ರ ಆಗಸ್ಟ್‌ನಲ್ಲಿ ಸಂವಿಧಾನ ಕರಡು ಸಮಿತಿಯ ಅಧ್ಯಕ್ಷರಾದರು. ಸಮಿತಿಯ ಸದಸ್ಯರು 7 ಮಂದಿ. ಒಬ್ಬರು ರಾಜೀನಾಮೆ ಇತ್ತರು, ಒಬ್ಬರು ತೀರಿಕೊಂಡರು, ಒಬ್ಬರು ವಿದೇಶದಲ್ಲಿದ್ದರು, ಬೇರೆ ಹೊಣೆಗಳಿಂದಾಗಿ ಇನ್ನು ಕೆಲವರು ಹೆಚ್ಚು ಭಾಗವಹಿಸಲಾಗಲಿಲ್ಲ. ಮಧುಮೇಹದಿಂದ ಬಳಲುತ್ತಿದ್ದ ಅಧ್ಯಕ್ಷರ ಮೇಲೆಯೇ ಹೆಚ್ಚಿನ ಭಾರ ಬಿತ್ತು. ಸಮಿತಿ 141 ದಿನ ಸಭೆ ಸೇರಿತು. ಸಭೆಗೆ ಬಂದ 7,635 ತಿದ್ದುಪಡಿ ಸೂಚನೆಗಳ ಪೈಕಿ ಮಂಡನೆಯಾದ 2,473ಕ್ಕೆ ಉತ್ತರ ಹೇಳುವ ಹೊಣೆ ಬಹುಪಾಲು ಅವರದೇ ಆಯಿತು. 1951ರಲ್ಲಿ ಹಿಂದೂ ಸಂಹಿತೆ ಮಸೂದೆ ನನೆಗುದಿಗೆ ಬಿದ್ದಾಗ ಮಂತ್ರಿ ಪದವಿಯನ್ನೇ ತೊರೆದರು. 1956ರ ಡಿಸೆಂಬರ್ 6ರಂದು ದೆಹಲಿಯಲ್ಲಿ ನಿಧನರಾದರು.

ನಮ್ಮ ಸಂಘಸಂಸ್ಥೆಗಳಲ್ಲೂ ಉಪಸಮಿತಿಗಳಿಗೆ ಹೆಸರು ಕೊಡುವವರು ಅನೇಕ, ಸಭೆಗೆ ಬರುವವರು ಕೆಲವರೇ. ಸಮಿತಿಗೆ ಬೆಲೆ ಬರುವುದು ಅಲ್ಲಿ ಕುಳಿತು ದುಡಿಯುವವರಿಂದ ಎಂಬುದಕ್ಕೆ ಬಾಬಾಸಾಹೇಬರ ಬದುಕು ಸಾಕ್ಷಿ.