ಶಾಸನ ಪರಿಷತ್ತಿನ ಬಾಗಿಲು ತಟ್ಟಿದ ಶಿಕ್ಷಕ: ಈಶ್ವರಚಂದ್ರ ವಿದ್ಯಾಸಾಗರ

ಪಠ್ಯಕ್ರಮ, ಅನುದಾನ, ನೇಮಕಾತಿ, ವಿದ್ಯಾರ್ಥಿವೇತನ – ಇವೆಲ್ಲವೂ ಮೇಲಿನಿಂದ ಬರುವ ಆದೇಶಗಳು, ಅವುಗಳನ್ನು ಪಾಲಿಸುವುದಷ್ಟೇ ನಮ್ಮ ಕೆಲಸ ಎಂದು ಶಿಕ್ಷಕರಾದ ನಾವು ಭಾವಿಸಿದ್ದೇವೆ. ಕಾನೂನು ಮಾಡುವವರು ಬೇರೆ, ಪಾಠ ಮಾಡುವವರು ಬೇರೆ ಎಂಬ ಮಾತು ನಮ್ಮ ನಡುವೆ ಸಾಮಾನ್ಯ. ಆದರೆ ಭಾರತೀಯರಿಗೆ ಮತದಾನದ ಹಕ್ಕೇ ಇಲ್ಲದಿದ್ದ ಕಾಲದಲ್ಲಿ ಒಬ್ಬ ಶಿಕ್ಷಕರು ಕಾನೂನು ಮಾಡುವವರ ಮುಂದೆ ನಿಂತು, ದೇಶದ ಕಾನೂನನ್ನೇ ಬದಲಾಯಿಸಿದರು. ಅವರೇ ಬಂಗಾಳದ ಪಂಡಿತ ಈಶ್ವರಚಂದ್ರ ವಿದ್ಯಾಸಾಗರ. ಅವರ ಗೆಲುವಿನಷ್ಟೇ ಅವರ ಸೋಲುಗಳಿಂದಲೂ ನಾವು ಕಲಿಯಬೇಕಾದದ್ದು ಬಹಳಷ್ಟಿದೆ.

ವಿದ್ಯಾಸಾಗರರು 1820ರ ಸೆಪ್ಟೆಂಬರ್ 26ರಂದು ಬಂಗಾಳದ ಬೀರ್‌ಸಿಂಗ ಎಂಬ ಹಳ್ಳಿಯಲ್ಲಿ ಬಡ ಕುಟುಂಬದಲ್ಲಿ ಜನಿಸಿದರು. ತಂದೆ ಠಾಕೂರದಾಸ್ ಬಂದ್ಯೋಪಾಧ್ಯಾಯ, ತಾಯಿ ಭಗವತಿ ದೇವಿ. ಎಂಟು ವರ್ಷದ ಬಾಲಕನಾಗಿದ್ದಾಗ ತಂದೆಯೊಡನೆ ಕಲ್ಕತ್ತೆಗೆ ಕಾಲ್ನಡಿಗೆಯಲ್ಲಿ ಹೋಗುತ್ತಾ, ದಾರಿಯ ಮೈಲಿಗಲ್ಲುಗಳನ್ನು ನೋಡಿ ಇಂಗ್ಲಿಷ್ ಅಂಕಿಗಳನ್ನು ಕಲಿತರೆಂಬ ಸಂಗತಿ ಪ್ರಸಿದ್ಧವಾಗಿದೆ. 1829ರಲ್ಲಿ ಸಂಸ್ಕೃತ ಕಾಲೇಜಿಗೆ ಸೇರಿ, ವಿದ್ವತ್ತಿನಿಂದ ವಿದ್ಯಾಸಾಗರ ಎಂಬ ಬಿರುದು ಪಡೆದರು. 1841ರಲ್ಲಿ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಮುಖ್ಯ ಪಂಡಿತರಾದರು. 1851ರಲ್ಲಿ ತಾವು ಓದಿದ ಸಂಸ್ಕೃತ ಕಾಲೇಜಿಗೇ ಪ್ರಾಂಶುಪಾಲರಾದರು.

ಅನುಭವವನ್ನು ಬರಹಕ್ಕಿಳಿಸಿ ಅಧಿಕಾರಿಗಳ ಮುಂದಿಡುವುದು ಅವರ ಪದ್ಧತಿಯಾಗಿತ್ತು. ಅದುವರೆಗೆ ಬ್ರಾಹ್ಮಣ ಮತ್ತು ವೈದ್ಯ ಜಾತಿಯವರಿಗೆ ಮಾತ್ರ ಪ್ರವೇಶವಿದ್ದ ಆ ಕಾಲೇಜನ್ನು ಕಾಯಸ್ಥರಿಗೂ, ಮುಂದೆ ಇತರ ಹಿಂದೂ ಜಾತಿಗಳವರಿಗೂ ತೆರೆಸಿದರು. ಹಳ್ಳಿಯ ಮಕ್ಕಳಿಗೆ ಓದು, ಬರಹ, ಲೆಕ್ಕವಷ್ಟೇ ಸಾಲದು, ಭೂಗೋಳ, ಇತಿಹಾಸ, ವಿಜ್ಞಾನಗಳನ್ನೂ ಬಂಗಾಳಿಯಲ್ಲೇ ಕಲಿಸಬೇಕು ಎಂದು 1854ರಲ್ಲಿ ಒಂದು ಟಿಪ್ಪಣಿ ಬರೆದುಕೊಟ್ಟರು. ಆ ವರ್ಷ ಬಂಗಾಳದ ಲೆಫ್ಟಿನೆಂಟ್ ಗವರ್ನರ್ ಆದ ಹ್ಯಾಲಿಡೆಯವರು ತಮ್ಮ ಶಿಕ್ಷಣ ಯೋಜನೆಗೆ ಅದನ್ನು ಆಧಾರವಾಗಿಸಿಕೊಂಡರು. ವಿದ್ಯಾಸಾಗರರನ್ನೇ ಶಾಲಾ ಇನ್‌ಸ್ಪೆಕ್ಟರ್ ಆಗಿ ನೇಮಿಸಲಾಯಿತು. ನಾಲ್ಕು ಜಿಲ್ಲೆಗಳಲ್ಲಿ 20 ಮಾದರಿ ಶಾಲೆಗಳು ಆರಂಭವಾದವು. ಒಬ್ಬ ಶಿಕ್ಷಕನ ಟಿಪ್ಪಣಿ ಸರ್ಕಾರದ ನೀತಿಯಾದದ್ದು ಹೀಗೆ.

ವಿಧವೆಯರ ಪರವಾಗಿ ಮನವಿ

ಆ ಕಾಲದಲ್ಲಿ ಮೇಲ್ಜಾತಿಯ ಹೆಣ್ಣುಮಕ್ಕಳಿಗೆ ಎಳೆಯ ವಯಸ್ಸಿನಲ್ಲೇ ಮದುವೆಯಾಗುತ್ತಿತ್ತು. ಗಂಡನ ಮುಖವನ್ನೂ ಸರಿಯಾಗಿ ಕಾಣದ ಬಾಲೆಯರು ವಿಧವೆಯರಾಗಿ ಉಪವಾಸ, ಅವಮಾನಗಳಲ್ಲಿ ಬದುಕು ಸವೆಸಬೇಕಾಗಿತ್ತು. ಯಾರಾದರೂ ಧೈರ್ಯ ಮಾಡಿ ಮರುಮದುವೆ ಮಾಡಿದರೂ ನ್ಯಾಯಾಲಯ ಅದನ್ನು ಒಪ್ಪುತ್ತಿರಲಿಲ್ಲ. ಅಂತಹ ದಂಪತಿಗಳ ಮಕ್ಕಳಿಗೆ ಆಸ್ತಿಯ ಹಕ್ಕೂ ಇರುತ್ತಿರಲಿಲ್ಲ. ಹೀಗಾಗಿ ಉಪದೇಶವೊಂದೇ ಸಾಲದು, ಕಾನೂನೇ ಬದಲಾಗಬೇಕು ಎಂಬುದನ್ನು ವಿದ್ಯಾಸಾಗರರು ಕಂಡುಕೊಂಡರು.

ಅವರು ಮೊದಲು ಮಾಡಿದ ಕೆಲಸ ಅಧ್ಯಯನ. ವಿರೋಧಿಗಳು ಯಾವ ಗ್ರಂಥಗಳನ್ನು ಪ್ರಮಾಣವೆಂದು ನಂಬಿದ್ದರೋ ಆ ಧರ್ಮಶಾಸ್ತ್ರಗಳಲ್ಲೇ ಹುಡುಕಿದರು. ಕಲಿಯುಗಕ್ಕೆ ಪ್ರಮಾಣವೆನಿಸಿದ ಪರಾಶರ ಸ್ಮೃತಿಯು ಕೆಲವು ಸಂದರ್ಭಗಳಲ್ಲಿ ಮರುಮದುವೆಗೆ ಅವಕಾಶ ಕೊಡುತ್ತದೆ ಎಂದು ತೋರಿಸಿದರು. ಈ ಸ್ಮೃತಿಗೆ ಪ್ರಸಿದ್ಧ ವ್ಯಾಖ್ಯಾನ ಬರೆದವರು ನಮ್ಮ ವಿಜಯನಗರದ ಮಾಧವಾಚಾರ್ಯರು. ಆ ಅವಕಾಶ ಈ ಯುಗಕ್ಕೆ ಅನ್ವಯಿಸದು ಎಂಬ ಅವರ ಅಭಿಪ್ರಾಯವನ್ನೂ ವಿದ್ಯಾಸಾಗರರು ಮುಚ್ಚಿಡದೆ ಎತ್ತಿಕೊಂಡು ಉತ್ತರಿಸಿದರು. 1855ರ ಜನವರಿಯಲ್ಲಿ ಅವರ ಮೊದಲ ಕಿರುಪುಸ್ತಕ ಪ್ರಕಟವಾಯಿತು. ಪಂಡಿತರಿಂದ ಟೀಕೆಗಳ ಮಳೆ ಸುರಿಯಿತು. ಅದೇ ವರ್ಷ ಎರಡನೆಯ ಪುಸ್ತಕದಲ್ಲಿ ಆ ಟೀಕೆಗಳಿಗೆ ಉತ್ತರ ನೀಡಿದರು. ಬಂಗಾಳಿ ಬಾರದ ಆಡಳಿತಗಾರರಿಗೂ ತಿಳಿಯಲೆಂದು 1856ರಲ್ಲಿ ಇದನ್ನು ಇಂಗ್ಲಿಷಿನಲ್ಲಿಯೂ ಹೊರತಂದರು.

1853ರ ಚಾರ್ಟರ್ ಕಾಯಿದೆಯಂತೆ ರಚನೆಯಾದ ಶಾಸನ ಪರಿಷತ್ತಿನಲ್ಲಿ ಆಗ 12 ಸದಸ್ಯರಿದ್ದರು. ಅವರಲ್ಲಿ ಒಬ್ಬರೂ ಭಾರತೀಯರಲ್ಲ, ಒಬ್ಬರೂ ಚುನಾಯಿತರಲ್ಲ. ಮನವಿ ಸಲ್ಲಿಸುವುದೊಂದೇ ಪ್ರಜೆಗಳಿಗಿದ್ದ ದಾರಿ. 1855ರ ಅಕ್ಟೋಬರ್ 4ರಂದು ಸುಮಾರು 1,000 ಜನರ ಸಹಿಯುಳ್ಳ ಮನವಿಯನ್ನು ವಿದ್ಯಾಸಾಗರರು ಸಲ್ಲಿಸಿದರು. ಮನವಿಯ ಬೇಡಿಕೆ ಬಹಳ ಸೀಮಿತವಾಗಿತ್ತು. ಯಾರನ್ನೂ ಮರುಮದುವೆಗೆ ಬಲವಂತಪಡಿಸಬೇಕಾಗಿಲ್ಲ, ಇಷ್ಟಪಟ್ಟವರಿಗೆ ಇರುವ ಕಾನೂನಿನ ಅಡ್ಡಿಯನ್ನು ತೆಗೆದರೆ ಸಾಕು ಎಂಬುದಷ್ಟೇ ಅದರ ಸಾರ. ಪರಿಷತ್ತಿನ ಸದಸ್ಯ ಜೆ.ಪಿ. ಗ್ರಾಂಟ್ ಅವರು ಇದನ್ನು ಕೈಗೆತ್ತಿಕೊಂಡು ನವೆಂಬರ್ 17ರಂದು ಮಸೂದೆ ಮಂಡಿಸಿದರು. ಮನವಿಗೂ ಮಸೂದೆಗೂ ನಡುವೆ ಆರೇ ವಾರಗಳ ಅಂತರ.

ವಿರೋಧವೇನೂ ಸಣ್ಣದಾಗಿರಲಿಲ್ಲ. ರಾಜಾ ರಾಧಾಕಾಂತ ದೇವ್ ಅವರ ನೇತೃತ್ವದ ಪ್ರತಿಮನವಿಗೆ 30 ಸಾವಿರಕ್ಕೂ ಹೆಚ್ಚು ಸಹಿಗಳು ಬಂದವು. ಸಹಿ ಎಣಿಸಿ ತೀರ್ಮಾನಿಸಿದ್ದರೆ ಮಸೂದೆ ಅಂದೇ ಬಿದ್ದುಹೋಗುತ್ತಿತ್ತು. ಆದರೆ ಮರುಮದುವೆ ಬೇಡವೆನ್ನುವವರಿಗೆ ಈ ಕಾನೂನಿನಿಂದ ಯಾವ ನಷ್ಟವೂ ಇಲ್ಲ, ಬೇಕೆನ್ನುವವರಿಗೆ ಮಾತ್ರ ಬಿಡುಗಡೆ ಇದೆ ಎಂಬ ವಾದ ಸದಸ್ಯರಿಗೆ ಒಪ್ಪಿಗೆಯಾಯಿತು. ಬೇಡಿಕೆ ಸೀಮಿತವಾಗಿದ್ದುದರ ಫಲ ಇದು. 1856ರ ಜುಲೈ 26ರಂದು, ಅಂದರೆ ಮನವಿ ಸಲ್ಲಿಸಿ ಹತ್ತು ತಿಂಗಳೊಳಗೆ, ವಿಧವಾ ಪುನರ್ವಿವಾಹ ಕಾಯಿದೆ ಜಾರಿಯಾಯಿತು. ಕಾಯಿದೆಯಲ್ಲಿ ಒಂದು ಕೊರತೆಯೂ ಇತ್ತು. ಮರುಮದುವೆಯಾದವಳು ಮೊದಲ ಗಂಡನ ಆಸ್ತಿಯ ಮೇಲಿನ ಹಕ್ಕನ್ನು ಕಳೆದುಕೊಳ್ಳಬೇಕಾಗಿತ್ತು.

ಕಾನೂನು ಪುಸ್ತಕದಲ್ಲಿ ಉಳಿದರೆ ಪ್ರಯೋಜನವಿಲ್ಲ. ಅದೇ ವರ್ಷ ಡಿಸೆಂಬರ್ 7ರಂದು ಪೊಲೀಸ್ ಕಾವಲಿನಲ್ಲಿ ಕಲ್ಕತ್ತೆಯಲ್ಲಿ ಈ ಕಾಯಿದೆಯನ್ವಯ ಮೊದಲ ಮದುವೆ ನಡೆಯಿತು. ವರ ಪಂಡಿತ ಶ್ರೀಶಚಂದ್ರ ವಿದ್ಯಾರತ್ನ, ವಧು ಕಾಳಿಮತಿ ದೇವಿ. ಮುಂದೆಯೂ ಇಂತಹ ಮದುವೆಗಳಿಗೆ ವಿದ್ಯಾಸಾಗರರು ತಮ್ಮ ಹಣವನ್ನೇ ಸುರಿದು ಸಾಲಗಾರರಾದರು. 1870ರಲ್ಲಿ ಅವರ ಮಗ ನಾರಾಯಣಚಂದ್ರ ವಿಧವೆಯನ್ನೇ ಮದುವೆಯಾದಾಗ, ಊರಿಗೆ ಹೇಳಿದ್ದನ್ನು ತಮ್ಮ ಮನೆಯಲ್ಲೂ ನಡೆಸಿದಂತಾಯಿತು.

ಸೋಲುಗಳು ಕಲಿಸಿದ ಪಾಠ

1857ರ ನವೆಂಬರ್‌ನಿಂದ 1858ರ ಮೇ ತಿಂಗಳೊಳಗೆ ವಿದ್ಯಾಸಾಗರರು 35 ಬಾಲಕಿಯರ ಶಾಲೆಗಳನ್ನು ತೆರೆದರು. ಸುಮಾರು 1,300 ಹೆಣ್ಣುಮಕ್ಕಳು ಸೇರಿದರು. ಲೆಫ್ಟಿನೆಂಟ್ ಗವರ್ನರ್ ಪ್ರೋತ್ಸಾಹ ನೀಡಿದ್ದರಿಂದ ಅನುದಾನ ಬಂದೇ ಬರುತ್ತದೆಂದು ಅವರು ನಂಬಿದ್ದರು. ಆದರೆ ಕೈಯಲ್ಲಿ ಮಂಜೂರಾತಿಯ ಲಿಖಿತ ಆದೇಶವಿರಲಿಲ್ಲ. ದಂಗೆಯ ಖರ್ಚಿನಿಂದ ಬೊಕ್ಕಸ ಬರಿದಾಗಿದ್ದ ಭಾರತ ಸರ್ಕಾರ ಶಾಶ್ವತ ಅನುದಾನವನ್ನು ನಿರಾಕರಿಸಿತು. ಶಿಕ್ಷಕರ ಸಂಬಳ ತಿಂಗಳುಗಟ್ಟಲೆ ಬಾಕಿ ಉಳಿಯಿತು. ಪತ್ರದ ಮೇಲೆ ಪತ್ರ ಬರೆದ ಮೇಲೆ ಬಾಕಿಯನ್ನಷ್ಟೇ ಸರ್ಕಾರ ತೀರಿಸಿತು. ಅದೇ ವರ್ಷ ತಿಂಗಳಿಗೆ 500 ರೂಪಾಯಿಯ ಹುದ್ದೆಗೆ ವಿದ್ಯಾಸಾಗರರು ರಾಜೀನಾಮೆ ಕೊಟ್ಟರು. ಆಮೇಲೆ ಜನರ ವಂತಿಗೆ ಸಂಗ್ರಹಿಸಿ ಕೆಲವು ಶಾಲೆಗಳನ್ನು ಉಳಿಸಲು ಶ್ರಮಿಸಿದರು.

ಬಹುಪತ್ನಿತ್ವದ ವಿರುದ್ಧವೂ ಅವರು ಹೋರಾಡಿದರು. ಕುಲೀನ ಬ್ರಾಹ್ಮಣರಲ್ಲಿ ಒಬ್ಬನೇ ಹಲವಾರು ಮದುವೆಯಾಗಿ ಹೆಂಡಿರನ್ನು ತವರಲ್ಲೇ ಬಿಡುವ ಪದ್ಧತಿಯಿತ್ತು. 1855ರಲ್ಲೂ 1866ರಲ್ಲೂ ಇದನ್ನು ತಡೆಯುವಂತೆ ಮನವಿಗಳು ಹೋದವು. ಈ ಬಾರಿ ಸಹಿಗಳು 20 ಸಾವಿರವನ್ನು ಮೀರಿದ್ದವು. ಆದರೆ ಮೊದಲ ಮನವಿ 1857ರ ದಂಗೆಯ ಗದ್ದಲದಲ್ಲಿ ಮೂಲೆಗೆ ಬಿತ್ತು. ಎರಡನೆಯದರ ನಂತರ ನೇಮಕವಾದ ಸಮಿತಿಯ ಬಹುಮತ ಕಾನೂನು ಬೇಡವೆಂದಿತು. ಸಮಿತಿಯಲ್ಲಿದ್ದ ವಿದ್ಯಾಸಾಗರರು ತಮ್ಮ ಭಿನ್ನಾಭಿಪ್ರಾಯವನ್ನು ದಾಖಲಿಸಿದರು. ಸಾವಿರ ಸಹಿಗೆ ದೊರೆತ ಜಯ ಇಪ್ಪತ್ತು ಸಾವಿರಕ್ಕೂ ಮಿಕ್ಕ ಸಹಿಗೆ ದೊರೆಯಲಿಲ್ಲ. ದಂಗೆಯ ನಂತರ ಸರ್ಕಾರ ಜನರ ಆಚಾರಗಳಲ್ಲಿ ಕೈಹಾಕಲು ಹೆದರುತ್ತಿತ್ತು. ಕಾಲ ಅನುಕೂಲವಾಗಿಲ್ಲದಿದ್ದರೆ ಸಂಖ್ಯೆಯೂ ಕೆಲಸ ಮಾಡದು.

1891ರ ಜುಲೈ 29ರಂದು ವಿದ್ಯಾಸಾಗರರು ನಿಧನರಾದರು. ಅವರ ಬದುಕಿನಿಂದ ನಾವು ಕಲಿಯಬೇಕಾದದ್ದು ಸ್ಪಷ್ಟವಾಗಿದೆ. ಕೇಳುವ ಮೊದಲು ಓದಬೇಕು. ಎದುರಾಳಿಯ ಮಾತಿಗೆ ಅವನು ಒಪ್ಪುವ ಆಧಾರದಿಂದಲೇ ಉತ್ತರ ಕೊಡಬೇಕು. ಒಂದು ಮನವಿಯಲ್ಲಿ ಒಂದೇ ಬೇಡಿಕೆ ಇರಬೇಕು. ಸಭೆಯೊಳಗೆ ಅದನ್ನು ಎತ್ತುವ ಒಬ್ಬ ಸದಸ್ಯನನ್ನಾದರೂ ಒಪ್ಪಿಸಬೇಕು. ಬಾಯಿಮಾತಿನ ಭರವಸೆಯನ್ನು ಲಿಖಿತ ಆದೇಶವೆಂದು ಭಾವಿಸಬಾರದು. ಕಾನೂನು ಬಂದ ಮೇಲೆ ಅದನ್ನು ನಡೆಸಿ ತೋರಿಸಬೇಕು.

ವಿದ್ಯಾಸಾಗರರಿಗೆ ಇಲ್ಲದಿದ್ದ ಅನುಕೂಲಗಳು ಇಂದು ನಮಗಿವೆ. ಕರ್ನಾಟಕ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 7 ಶಿಕ್ಷಕರ ಕ್ಷೇತ್ರಕ್ಕೂ 7 ಪದವೀಧರರ ಕ್ಷೇತ್ರಕ್ಕೂ ಮೀಸಲಾಗಿವೆ. ಸಾರ್ವಜನಿಕರ ಅರ್ಜಿಗಳನ್ನು ಪರಿಶೀಲಿಸಲು ಶಾಸನಸಭೆಗಳಲ್ಲಿ ಅರ್ಜಿ ಸಮಿತಿಗಳಿವೆ. ನಮ್ಮ ಊರಿನ ಶಾಲೆಯಲ್ಲಿ ಎಷ್ಟು ಹುದ್ದೆ ಖಾಲಿ ಇವೆ, ಏಳನೆಯ ತರಗತಿಯ ನಂತರ ಎಷ್ಟು ಹೆಣ್ಣುಮಕ್ಕಳು ಶಾಲೆ ಬಿಟ್ಟರು, ಏಕೆ ಬಿಟ್ಟರು ಎಂಬ ವಿವರ ಯಾವ ಶಾಸಕರಿಗಿಂತಲೂ ಚೆನ್ನಾಗಿ ನಮಗೆ ಗೊತ್ತು. ಅದನ್ನು ಒಂದು ಹಾಳೆಯಲ್ಲಿ ಬರೆದು, ಸಂಘದ ಮೂಲಕ ಅವರ ಕೈಗೆ ಮುಟ್ಟಿಸಿ, ಉತ್ತರ ಬರುವವರೆಗೆ ಬಿಡದೆ ಕೇಳುವುದು ಪಾಠ ಮಾಡುವಷ್ಟೇ ನಮ್ಮ ಕರ್ತವ್ಯ.